ಚೀಲದಲ್ಲೇ ಉಳಿದ ಕೆಂಪು ಚೌಕ

ಬೀದಿಯವರೆಲ್ಲ ಅವನನ್ನು ಫ್ಯೂಸಪ್ಪ ಎಂದೇ ಕರೆಯುತ್ತಿದ್ದರು. ವೈರಿಂಗ್ ಕೆಲಸಕ್ಕೆ ಯಾರ ಮನೆಗೆ ಹೋದರೂ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ಆಮೇಲೇ ತಂತಿ ಮುಟ್ಟುವುದು. ತಾನು ಏಣಿಯ ಮೇಲಿದ್ದಾಗ ಯಾರೋ ಪುಣ್ಯಾತ್ಮರು ಕೆಳಗೆ ಸ್ವಿಚ್ ಹಾಕಿಬಿಟ್ಟರೆ ಎಂಬ ಭಯ. ಕೆಲಸ ಮುಗಿಸಿ ಫ್ಯೂಸನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದು, ಕತ್ತಲಲ್ಲಿ ಕುಳಿತವರಿಂದ ಬೈಸಿಕೊಂಡದ್ದೂ ಉಂಟು.

ಮಗಳು ರಕ್ತದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಮೇಲೆ ಅವಳ ಮೊಬೈಲ್ ಆಟದ ಹುಚ್ಚು ಅವನಿಗೂ ಹಿಡಿಯಿತು. ಚೌಕಗಳನ್ನು ಜೋಡಿಸಿ ಮನೆ, ಸೇತುವೆ, ಬೆಟ್ಟ ಕಟ್ಟುವ ಆಟ. ಅವಳು ವಾರ್ಡಿನ ಮಂಚದಿಂದ, ಅವನು ಮನೆಯಿಂದ, ಇಬ್ಬರೂ ಆಟದ ಒಂದೇ ಊರೊಳಗೆ ಹೋಗಿ ಸೇರಬಹುದಿತ್ತು. ಹೊಳೆಯಾಚೆ ತನಗೊಂದು ಮನೆ ಕಟ್ಟಿಕೊಂಡು, ಈಚೆ ಅಪ್ಪನಿಗೊಂದು ಕಟ್ಟಿಕೊಟ್ಟಳು.

"ಅಪ್ಪಾ, ನಾನಿಲ್ಲಿ ಗುಂಡಿ ಒತ್ತಿದ್ರೆ ನಿನ್ ಮನೇಲಿ ದೀಪ ಹತ್ಬೇಕು. ಆಗ ನಾನಿದ್ದೀನಿ ಅಂತ ನಿಂಗೆ ಗೊತ್ತಾಗುತ್ತೆ."

ಕರೆಂಟು ಸಾಗಿಸುವ ಕೆಂಪು ಚೌಕಗಳನ್ನು ಸಾಲಾಗಿ ಇಟ್ಟು, ಹೊಳೆ ದಾಟಿಸಿ, ಅವನು ಲೈನ್ ಎಳೆದ. ಆದರೆ ಆ ದೀಪಕ್ಕೆ ಅದೇನು ಬಂದಿತ್ತೋ! ಇಬ್ಬರೂ ಆಡುವಾಗ ಝಗ್ಗೆಂದು ಹತ್ತುತ್ತಿತ್ತು. ಮಗಳು ಮಲಗಿದ ಹೊತ್ತಲ್ಲಿ ಇವನೇ ಅವಳ ಮನೆಗೆ ಹೋಗಿ ಗುಂಡಿ ಒತ್ತಿ ಓಡಿಬಂದು ನೋಡಿದರೆ ಕತ್ತಲು. ಊರ ಮನೆಗಳಿಗೆಲ್ಲ ಬೆಳಕು ಕೊಟ್ಟವನು ಮಗಳೆದುರು ಮುಖ ಹುಳ್ಳಗೆ ಮಾಡಿಕೊಳ್ಳುವಂತಾಯಿತು.

"ಏನಪ್ಪಾ ನಿನ್ ವೈರಿಂಗು, ಜನ ಹೆಂಗ್ ದುಡ್ಡು ಕೊಡ್ತಾರೋ!" ಎಂದು ಅವಳು ನಗುತ್ತಿದ್ದಳು. ಆ ನಗು ಕೇಳಲೆಂದೇ ಅವನು ಇನ್ನಷ್ಟು ಪೆಚ್ಚಾಗುತ್ತಿದ್ದ.

ಒಂದು ಬೆಳಿಗ್ಗೆ ಇಡೀ ಲೈನನ್ನೇ ತಪಾಸಣೆ ಮಾಡಲು ಕುಳಿತ. ಕೈಗೆ ಅಂಟಿದ ಅಭ್ಯಾಸ ಬಿಡುತ್ತದೆಯೇ? ಮೊದಲು ನಡುವಿನ ಒಂದು ಕೆಂಪು ಚೌಕ ಕಿತ್ತು, ಆಟದೊಳಗಿನ ತನ್ನ ಚೀಲಕ್ಕೆ ಹಾಕಿಕೊಂಡ. ಅಷ್ಟರಲ್ಲಿ ಕೆಲಸದ ಕರೆ ಬಂತು. ಹಾಗೇ ಎದ್ದು ಹೋದ.

ಮಧ್ಯಾಹ್ನ ಏಣಿಯ ಮೇಲಿದ್ದಾಗ ಫೋನ್ ಬಂತು. ದನಿ ತೀರಾ ಸಣ್ಣಗಿತ್ತು. "ಅಪ್ಪಾ, ಒತ್ತಿದೀನಿ. ಬಂತಾ?"

ಅವನು ಆಟ ತೆರೆದೇ ಇರಲಿಲ್ಲ. "ಬಂತು ಪುಟ್ಟಿ, ಚೆನ್ನಾಗ್ ಬಂತು" ಎಂದ.

"ನೋಡ್ದ್ಯಾ! ಸರಿಹೋಯ್ತು" ಎಂದಳು. ಅದೇ ಅವಳ ಕೊನೆಯ ಮಾತು. ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಷ್ಟೋ ದಿನಗಳ ಮೇಲೆ ಆಟ ತೆರೆದಾಗ ಚೀಲದಲ್ಲಿ ಆ ಚೌಕ ಕಂಡಿತು. ಕಡಿದ ಲೈನಿನ ತುದಿಯಲ್ಲಿ ಕೂತು ಮಗು ಗುಂಡಿ ಒತ್ತಿತ್ತು. ಚೌಕವನ್ನು ಸ್ವಸ್ಥಾನಕ್ಕೆ ಇಟ್ಟ. ಅವಳ ಮನೆಯ ಗುಂಡಿ ಒತ್ತಿ, ತನ್ನ ಮನೆಗೆ ಬಂದು ನೋಡಿದ. ದೀಪ ಹತ್ತಲಿಲ್ಲ.

ಮಗಳ ಪುಸ್ತಕ ಹಿಂತಿರುಗಿಸಲು ಬಂದ ಅವಳ ಗೆಳತಿ ಆ ಲೈನ್ ನೋಡಿ ಕಾರಣ ಹೇಳಿದಳು. "ಅಂಕಲ್, ಆಟದಲ್ಲಿ ನಾವಿರೋ ಸುತ್ತಮುತ್ತ ಮಾತ್ರ ಎಚ್ಚರ ಇರುತ್ತೆ, ಮಿಕ್ಕಿದ್ದೆಲ್ಲ ಮಲಗಿರುತ್ತೆ. ನಿಮ್ ಲೈನ್ ತುಂಬಾ ಉದ್ದ. ಎರಡೂ ಮನೇಲಿ ಜನ ಇದ್ರೇನೇ ಕರೆಂಟ್ ಈ ಕಡೆಗೆ ಬರೋದು."

ಆ ಸಂಜೆ ಅವನು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡ. "ಸುಳ್ಳು ಹೇಳ್ಬಿಟ್ಟೆ ಕಣೇ ಅವಳಿಗೆ." ಆಟವೆಂದರೆ ಉರಿದುಬೀಳುತ್ತಿದ್ದವಳು ಮಗಳ ಮೊಬೈಲ್ ಹಿಡಿದು, ಒಳಕೋಣೆಯಲ್ಲಿ ಮಗಳ ಮಂಚದ ಮೇಲೆ ಹೋಗಿ ಕುಳಿತಳು. ಅವನು ತನ್ನ ಮೊಬೈಲಿನಲ್ಲಿ ಆಟ ತೆರೆದು ಹಜಾರದಲ್ಲಿ ಕುಳಿತ.

"ಯಾವುದನ್ನ ಒತ್ಲಿ?"

"ಬಾಗಿಲ ಪಕ್ಕದ್ದು. ಒತ್ತು."

ಹೊಳೆಯ ಈಚೆ ಅವನ ಮನೆಯ ದೀಪ ಝಗ್ಗೆಂದು ಹತ್ತಿತು.

"ಬಂತಾ?" ಎಂದಳು ಒಳಗಿನಿಂದ, ಮಗಳು ಕೇಳಿದಂತೆಯೇ.

"ಬಂತು" ಎಂದ. "ಕೈ ತೆಗೀಬೇಡ, ಇರು."

ಅವಳು ತೆಗೆಯಲಿಲ್ಲ.