ಶಲವಡಿ ಬಸ್ಸಿನ ಕಿಟಕಿ ಸೀಟು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ. ಊರಲ್ಲಿ ಯಾರಾದರೂ ಹೊಲದ ಬದುವಿನ ಮೇಲೆ ಏನೋ ಕಂಡೆ ಎಂದರೆ, ಹೊಟ್ಟೆಗೆ ಏನಾದರೂ ತಿಂದಿದ್ದೆಯೋ ಇಲ್ಲವೋ ಎಂದು ಕೇಳುತ್ತಿದ್ದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ನಿಜ. ಅದು ವಾರಕ್ಕೊಂದು ದಿನ ಎತ್ತೂ ದಣಿವಾರಿಸಿಕೊಳ್ಳಲಿ ಎಂದು. ಮ್ಯಾಟ್ರಿಕ್ ಮುಗಿಸಿ ಒಕ್ಕಲುತನಕ್ಕೆ ಇಳಿದವನು ನಾನು. ಬರೆದು ರೂಢಿಯಿಲ್ಲ. ಈ ಒಂದು ಮಧ್ಯಾಹ್ನದ ಸಂಗತಿಯನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ. ನೀವು ನಂಬದಿದ್ದರೆ ತಪ್ಪಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ತಮ್ಮ ಶಿವಾನಂದ ನನಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನನ್ನು ಓದಿಸುವ ಹೊಣೆ ನನ್ನ ಮೇಲೆ ಬಿತ್ತು. ಧಾರವಾಡದಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಎರಡು ವರ್ಷ ನೌಕರಿಗಾಗಿ ಅಲೆದ. ಎಂಬತ್ತರ ದಶಕದ ಮೊದಲ ಭಾಗವದು. ಆಗ ಆಫ್ರಿಕಾದ ಕೆಲವು ದೇಶಗಳು ಗಣಿತ, ವಿಜ್ಞಾನ ಕಲಿಸುವವರನ್ನು ನಮ್ಮ ಕಡೆಯಿಂದ ಕರೆಸಿಕೊಳ್ಳುತ್ತಿದ್ದವು. ಇವನೂ ಅರ್ಜಿ ಹಾಕಿದ, ಪಶ್ಚಿಮ ಕರಾವಳಿಯ ಒಂದು ದೇಶದ ಹೈಸ್ಕೂಲಿಗೆ ಆಯ್ಕೆಯಾದ. ಅಲ್ಲಿಂದ ತಿಂಗಳಿಗೊಂದು ನೀಲಿ ಕಾಗದ ಬರುತ್ತಿತ್ತು. ಅಲ್ಲಿನ ಮಣ್ಣು ಕೆಂಪು, ನಮ್ಮ ಕಪ್ಪು ಎರೆಯಂತೆ ಕಾಲಿಗೆ ಅಂಟುವುದಿಲ್ಲ ಎಂದು ಬರೆದಿದ್ದ. ಗೋವಿನ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ಒಡೆದ ಕಥೆ ಬರೆದಾಗ ಅವ್ವ ಬಹಳ ನಕ್ಕಿದ್ದಳು.

ಎರಡು ವರ್ಷದ ಮೇಲೆ ರಜೆಗೆ ಬಂದಾಗ ಅವನ ಹತ್ತಿರ ಕೆಲಸದ ಪರವಾನಗಿ ಇತ್ತು. ಪರದೇಶದ ಮಾಸ್ತರರಿಗೆ ಅಲ್ಲಿನ ಸರ್ಕಾರ ಕೊಡುವ ಕಾಗದ. ಇಂಥವನು ಇಂಥ ಶಾಲೆಯಲ್ಲಿ ಇಷ್ಟು ದಿನ ಕಲಿಸಬಹುದು ಎಂದು ಅದರಲ್ಲಿ ಬರೆದಿತ್ತು. ನಮ್ಮ ಮನೆಯಲ್ಲಿ ಮೂಲ ಕಾಗದ ಹೊಸ್ತಿಲು ದಾಟುವುದಿಲ್ಲ. ಹೊಲದ ಕಾಗದ, ಮಾರ್ಕ್ಸ್ ಕಾರ್ಡು, ಎಲ್ಲವೂ ದೇವರ ಜಗುಲಿಯ ಕೆಳಗಿನ ಟ್ರಂಕಿನಲ್ಲಿ. ಹೊರಗೆ ಓಡಾಡುವುದು ಗೆಜೆಟೆಡ್ ಅಧಿಕಾರಿಯ ಸಹಿ, ಮುದ್ರೆ ಬಿದ್ದ ಟ್ರೂ ಕಾಪಿ ಮಾತ್ರ. ನಮ್ಮ ಕಡೆಯ ಯಾವ ಕಚೇರಿಯೂ ಅದನ್ನು ಬೇಡವೆಂದದ್ದಿಲ್ಲ. ಆ ಪರವಾನಗಿಗೂ ಹಾಗೆಯೇ ಮಾಡಿದೆ. ಶಿವಾನಂದನನ್ನು ನವಲಗುಂದಕ್ಕೆ ಕರೆದುಕೊಂಡು ಹೋಗಿ ಎರಡು ಟ್ರೂ ಕಾಪಿ ಮಾಡಿಸಿದೆ.

“ಅಣ್ಣಾ, ಅಲ್ಲಿ ಒರಿಜಿನಲ್ಲ ತೋರಸು ಅಂದ್ರ?” ಎಂದ.

“ಗೆಜೆಟೆಡ್ ಆಫೀಸರ್ ಸಹಿ ಐತೆಲೇ. ಇನ್ನೇನು ಅವರಪ್ಪನ ಸಹಿ ಬೇಕನ?”

“ನವಲಗುಂದದ ಸಾಹೇಬರನ್ನ ಅಲ್ಲಿ ಯಾರ ಕೇಳ್ತಾರ,” ಎಂದು ನಕ್ಕ.

“ನೀ ಕಳಕೊಂಡ್ರ ಮತ್ತೊಂದು ಯಾರು ಕೊಡ್ತಾರ? ಇಲ್ಲೇ ಇರಲಿ.”

ನಕ್ಕನೇ ಹೊರತು ಹಟ ಮಾಡಲಿಲ್ಲ. ನನ್ನ ಮಾತು ಮೀರುವ ಸ್ವಭಾವ ಅವನದಲ್ಲ. ಮೂಲ ಕಾಗದವನ್ನು ನನ್ನ ಕೈಗೆ ಕೊಟ್ಟು, ಕಾಪಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ.

ಏಳೆಂಟು ತಿಂಗಳು ಕಳೆದಿರಬೇಕು. ಜೋಳದ ಸುಗ್ಗಿ ಮುಗಿದಿತ್ತು. ಅವನ ಕಾಗದ ಬಂತು. ಅಕ್ಷರ ಅವನದೇ, ಆದರೆ ಅವಸರದಲ್ಲಿ ಬರೆದದ್ದು. ಅಲ್ಲಿ ಪರದೇಶದವರ ಪರವಾನಗಿ ತಪಾಸಣೆ ಬಿಗಿಯಾಗಿದೆ, ಅಧಿಕಾರಿಗಳು ಹೇಳದೆ ಕೇಳದೆ ಶಾಲೆಗಳಿಗೆ ಬರುತ್ತಿದ್ದಾರೆ, ಪಕ್ಕದ ಊರಿನ ಇಬ್ಬರು ಮಾಸ್ತರರನ್ನು ಲಾರಿಯಲ್ಲಿ ಹಾಕಿಕೊಂಡು ಹೋದರು, ಅವರ ಸುದ್ದಿ ಇಲ್ಲ ಎಂದು ಬರೆದಿದ್ದ. ಕೊನೆಗೆ ಇಷ್ಟು: “ಅಣ್ಣಾ, ಕಾಪಿ ನಡೆಯುವುದಿಲ್ಲ ಎಂದು ಹೆಡ್‌ಮಾಸ್ತರರು ಹೇಳಿದ್ದಾರೆ. ಮೂಲ ಕಾಗದ ಕೂಡಲೇ ರಜಿಸ್ಟರ್ ಮಾಡಿ ಕಳಿಸು. ಅವ್ವನಿಗೆ ಹೇಳಬೇಡ.”

ಕಾಗದದ ಮೇಲಿನ ತಾರೀಖು ನೋಡಿದೆ. ಬರೆದು ಇಪ್ಪತ್ತು ದಿನವಾಗಿತ್ತು. ನಾನು ಕಳಿಸುವುದು ಮುಟ್ಟಲು ಇನ್ನೂ ಇಪ್ಪತ್ತು ದಿನ. ಅವ್ವ ಹಿತ್ತಲಿಗೆ ಹೋದ ಹೊತ್ತಿನಲ್ಲಿ ಟ್ರಂಕು ತೆಗೆದು ಪರವಾನಗಿಯನ್ನು ಲಕೋಟೆಗೆ ಹಾಕಿದೆ. ವಿಳಾಸವನ್ನು ಎರಡು ಸಲ ತಿದ್ದಿ ಬರೆದೆ. ಅಂದು ಬುಧವಾರ. ಅಣ್ಣಿಗೇರಿಯ ಅಂಚೆ ಕಚೇರಿಯಲ್ಲಿ ರಜಿಸ್ಟರ್ ತೆಗೆದುಕೊಳ್ಳುವುದು ಎರಡು ಗಂಟೆಯವರೆಗೆ. ಹನ್ನೆರಡೂವರೆಯ ಬಸ್ಸು ಹಿಡಿದರೆ ಸಾಕಷ್ಟು ಹೊತ್ತು ಉಳಿಯುತ್ತಿತ್ತು.

ನವಲಗುಂದದ ಕಡೆಯಿಂದ ಬಂದ ಆ ಬಸ್ಸು ಶಲವಡಿಗೆ ಬರುವಾಗಲೇ ತುಂಬಿತ್ತು. ನಡುವೆ ಇಬ್ಬರು ಕೂರುವ ಒಂದು ಸೀಟು ಮಾತ್ರ ಖಾಲಿ. ಕಿಟಕಿಯ ಕಡೆ ಬಿಸಿಲು ಬೀಳುತ್ತಿದ್ದುದರಿಂದ ನಾನು ಹೊರಗಿನ ಅಂಚಿಗೆ ಕೂತೆ. ಅಣ್ಣಿಗೇರಿಗೆ ಒಂದು ಟಿಕೆಟ್ ತೆಗೆದುಕೊಂಡೆ. ಆಮೇಲೆ ನೋಡಿದರೆ ಐದಾರು ಮಂದಿ ನಿಂತಿದ್ದರು. ಕಿಟಕಿ ಸೀಟಿಗೆ ಯಾರೂ ಬರಲಿಲ್ಲ. ನನ್ನ ಪಕ್ಕದಲ್ಲೇ ಒಬ್ಬ ಮುದುಕಿ ಕಂಬಿ ಹಿಡಿದು ತೂಗಾಡುತ್ತಿದ್ದಳು.

“ಯವ್ವಾ, ಒಳಗ ಸರಿದು ಕುಂಡ್ರ ಬಾ,” ಎಂದು ಕಾಲು ಮಡಿಚಿ ದಾರಿ ಬಿಟ್ಟೆ.

ಅವಳು ಕಿಟಕಿಯ ಕಡೆ ನೋಡಿದಳು. “ಕುಂತವರನ್ನ ಎಬ್ಬಸೂದು ಬ್ಯಾಡೋ ಯಪ್ಪಾ. ಅಣ್ಣಿಗೇರಿ ಏನ್ ದೂರ ಐತಿ.”

ನನ್ನನ್ನು ಕುರಿತೇ ಅಂದಳೆಂದು ತಿಳಿದೆ. ಹೆಚ್ಚು ಒತ್ತಾಯ ಮಾಡಲಿಲ್ಲ. ನನ್ನ ಲಕ್ಷ್ಯವೆಲ್ಲ ಅಂಗಿಯೊಳಗಿನ ಲಕೋಟೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಮತ್ತೊಮ್ಮೆ ಬಂದು, ಕಿಟಕಿಯತ್ತ ಬಾಗಿ, ಬಳಿಕ ನನ್ನನ್ನು ಏನೋ ಕೇಳಿದ. ಏನು ಕೇಳಿದನೆಂದು ಮನಸ್ಸಿಗೆ ಹೋಗಲೇ ಇಲ್ಲ. ಹೂಂ ಎಂದೆ. ಮುಂದೆ ಹೋದ.

ಒಂದು ಗಂಟೆಯ ಸುಮಾರಿಗೆ ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಟಿಕೆಟ್ ಚೆಕಿಂಗ್‌ನವರು ರಸ್ತೆಯ ಅಂಚಿಗೆ ಜೀಪು ನಿಲ್ಲಿಸಿ ಕಾಯುತ್ತಿದ್ದರು. ಒಬ್ಬ ಹಿಂದಿನ ಬಾಗಿಲಲ್ಲಿ ನಿಂತ. ಇನ್ನೊಬ್ಬ, ವಯಸ್ಸಾದವನು, ಕೆಳಗಿನಿಂದ ಕಿಟಕಿಗಳನ್ನು ನೋಡುತ್ತ ಮುಂದೆ ನಡೆದು ಹತ್ತಿಬಂದ. ಒಬ್ಬೊಬ್ಬರ ಟಿಕೆಟ್ ನೋಡುತ್ತ ನನ್ನ ಹತ್ತಿರ ಬಂದು ನಿಂತ.

“ನಿಮ್ಮ ಬಾಜೂಕ ಇದ್ದವರು ಎಲ್ಲಿ ಹೋದ್ರು?”

“ಯಾರೂ ಇರಲಿಲ್ರಿ.”

“ಈಗ ಕೆಳಗಿಂದ ನೋಡೀನಿ. ಬಿಳಿ ಅಂಗಿ. ಕಿಡಕಿಗೆ ತಲಿ ಹಚ್ಚಿ ಕುಂತಿದ್ರು.”

ನಾನು ಉತ್ತರ ಕೊಡುವ ಮೊದಲೇ ಕಂಡಕ್ಟರ್ ಓಡಿಬಂದ. ಹೊಸಬ, ಎಳೆ ವಯಸ್ಸು. “ಅವರ ಟಿಕೀಟು ಇವರ ಕಡೆ ಐತ್ರಿ ಸಾಹೇಬ್ರ. ನಾ ಕೇಳೀನ್ರಿ. ‘ನಂದು ನಮ್ಮ ಅಣ್ಣನ ಕಡೆ ಐತಿ’ ಅಂತ ಇವರನ್ನ ತೋರಿಸಿದ್ರು. ಇವರೂ ಹೂಂ ಅಂದ್ರು.” ನನ್ನ ಕಡೆ ತಿರುಗಿದ. “ಅಂದ್ರಿಲ್ಲರಿ? ಈಗ ಯಾರೂ ಇರಲಿಲ್ಲ ಅಂದ್ರ ನನ್ನ ನೌಕರಿ ಹೋಗತೈತ್ರಿ.”

ನಾನು ಹೂಂ ಎಂದದ್ದು ನಿಜ. ನನ್ನ ಕೈಯಲ್ಲಿ ಒಂದೇ ಟಿಕೆಟ್ ಇತ್ತು. ಸೀಟು ಖಾಲಿ ಇತ್ತು.

ಹಿಂದಿನಿಂದ ಯಾರೋ, “ಬಿಸಲಾಗ ನಿಂತು ಎಣಿಸಿದ್ರ ಹಿಂಗ ಆಗತೈತ್ರಿ ಸಾಹೇಬ್ರ, ಒಂದೀಟು ನೀರ ಕುಡೀರಿ,” ಎಂದರು. ಬಸ್ಸೆಲ್ಲ ನಕ್ಕಿತು. ಆ ಹಿರಿಯ ನಗಲಿಲ್ಲ. ಸೀಟಿನ ಕೆಳಗೆ ಬಾಗಿ ನೋಡಿದ. ಕೆಳಗಿಳಿದು ಬಸ್ಸಿನ ಸುತ್ತ ಬಂದ, ಕಂಡಕ್ಟರನನ್ನು ಏಣಿ ಹತ್ತಿಸಿ ಬಸ್ಸಿನ ಮೇಲೂ ನೋಡಿಸಿದ. ಎರಡೂ ಕಡೆ ಕೊಯ್ದ ಜೋಳದ ಕೂಳೆ ಬಿಟ್ಟರೆ ಏನೂ ಇಲ್ಲ. ಒಂದು ಗಿಡವಿಲ್ಲ. ಓಡಿಹೋಗುವ ಮನುಷ್ಯ ಮೈಲಿ ದೂರದವರೆಗೆ ಕಾಣಿಸಬೇಕು.

“ನನ್ನ ದಾಟಿ ಯಾರೂ ಇಳದಿಲ್ಲ. ನಾ ಇಲ್ಲೇ ನಿಂತೀನಿ,” ಎಂದಳು ಮುದುಕಿ. ಆಗ ಬಸ್ಸಿನ ನಗು ನಿಂತಿತು. ಅವಳು ಸೆರಗು ತಲೆಯ ಮೇಲೆಳೆದುಕೊಂಡು ಮುಂದೆ ಡ್ರೈವರನ ಹತ್ತಿರ ಹೋಗಿ ನಿಂತಳು.

ಚೆಕಿಂಗ್ ಹಿರಿಯ ಮೆಮೊ ಪುಸ್ತಕ, ಪೆನ್ನು ತೆಗೆದ. “ಮನಶ್ಯಾನ ಇಲ್ಲ. ಯಾರ ಮ್ಯಾಲ ಬರೀಲಿ?” ಎಂದು ತನ್ನಷ್ಟಕ್ಕೆ ಅಂದು ಪುಸ್ತಕ ಮುಚ್ಚಿದ. ಇಳಿಯುವಾಗ ನನ್ನ ಮುಖವನ್ನು ಒಮ್ಮೆ ದಿಟ್ಟಿಸಿದ. ನಾನು ಯಾರನ್ನೋ ಬಚ್ಚಿಟ್ಟಿದ್ದೇನೆ ಎಂಬಂತೆ.

ಬಸ್ಸು ಹೊರಟ ಮೇಲೆ ಆ ಸೀಟಿನ ಮೇಲೆ ಕೈ ಇಟ್ಟೆ. ಮುಕ್ಕಾಲು ಗಂಟೆ ನೇರ ಬಿಸಿಲು ಬಿದ್ದ ರೆಗ್ಜಿನ್ ಅದು. ಕೈ ಸುಡಬೇಕಿತ್ತು. ತಣ್ಣಗಿತ್ತು. ಈ ಒಂದು ಮಾತಿನಲ್ಲಿ ಮಾತ್ರ ನನಗೇ ಪೂರ್ತಿ ಭರವಸೆಯಿಲ್ಲ. ಹೆದರಿದ ಕೈಗೆ ಏನು ತಿಳಿಯುತ್ತದೆ? ಆದರೆ ಎದ್ದು ಬೇರೆ ಕಡೆ ನಿಲ್ಲಲು ಮನಸ್ಸು ಬರಲಿಲ್ಲ. ಅಣ್ಣಿಗೇರಿಯವರೆಗೆ ಅಲ್ಲೇ ಕೂತು ಬಂದೆ.

ಅಂಚೆ ಕಚೇರಿ ಮುಟ್ಟುವ ಹೊತ್ತಿಗೆ ಎರಡು ಮೀರಿತ್ತು. ಟಪಾಲಿನ ಚೀಲಕ್ಕೆ ಅರಗು ಹಾಕಿಯಾಗಿತ್ತು. “ನಾಳೆ ಬರ್ರಿ,” ಎಂದರು. ಕೈ ಮುಗಿದು ಕೇಳಿದೆ. ಮುಚ್ಚಿದ ಚೀಲ ಬಿಚ್ಚುವ ಹಾಗಿಲ್ಲ ಎಂದರು. ಮರುದಿನ ಮತ್ತೆ ಹೋಗಿ ರಜಿಸ್ಟರ್ ಮಾಡಿ ಬಂದೆ.

ಒಂದೂವರೆ ತಿಂಗಳ ಮೇಲೆ ಅವನ ಶಾಲೆಯಲ್ಲೇ ಕಲಿಸುತ್ತಿದ್ದ ಕೇರಳದ ಮಾಸ್ತರರೊಬ್ಬರ ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ನಮ್ಮೂರ ಹೈಸ್ಕೂಲಿನ ಹೆಡ್‌ಮಾಸ್ತರರು ಓದಿ ಹೇಳಿದರು. ಬುಧವಾರ ಬೆಳಗಿನ ಎಂಟೂವರೆಗೆ, ಮೊದಲ ಪಿರಿಯಡ್‌ನಲ್ಲಿ ಅಧಿಕಾರಿಗಳು ತರಗತಿಗೇ ನುಗ್ಗಿದರಂತೆ. ಶಿವಾನಂದ ಟ್ರೂ ಕಾಪಿ ತೋರಿಸಿದ. ಅವರು ಅದರ ಮುದ್ರೆ ನೋಡಿ ಮೇಜಿನ ಮೇಲೆ ಒಗೆದರು. ಮೂಲ ಕಾಗದ ಎಲ್ಲಿ ಎಂದಾಗ, ನಮ್ಮ ಅಣ್ಣನ ಹತ್ತಿರ ಇದೆ, ಕಳಿಸುತ್ತಿದ್ದಾನೆ ಎಂದನಂತೆ. ಮಕ್ಕಳ ಎದುರಿಗೇ ಕರೆದುಕೊಂಡು ಹೋದರು. ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ ನೂರಾರು ಜನರ ಜೊತೆ ಇಟ್ಟಿದ್ದರು. ಅಲ್ಲಿ ಜ್ವರ ಬಂತು. ಹನ್ನೊಂದನೆಯ ದಿನ ಹೋಗಿಬಿಟ್ಟ. ಅಲ್ಲೇ ಮಣ್ಣು ಮಾಡಿದರು.

ಅವ್ವನಿಗೆ ಹೇಳಿದಾಗ ಅವಳು ಅತ್ತದ್ದು ಆಮೇಲೆ. ಮೊದಲು ಕೇಳಿದ್ದು, “ನೀರ ಕೊಡಾಕ ಯಾರರೆ ಇದ್ರಂತ?” ಎಂದು. ಇದ್ದರು ಎಂದೆ. ಪತ್ರದಲ್ಲಿ ಹಾಗೇನೂ ಇರಲಿಲ್ಲ.

ಬುಧವಾರ ಯಾವುದೆಂದು ತಾರೀಖು ಹಿಡಿದು ನೋಡಿದೆ. ಅದೇ ಬುಧವಾರ. ಹೆಡ್‌ಮಾಸ್ತರರು ಭೂಪಟ ತೆಗೆದು, ಅಲ್ಲಿ ಬೆಳಗಿನ ಎಂಟೂವರೆ ಎಂದರೆ ನಮ್ಮಲ್ಲಿ ಮಧ್ಯಾಹ್ನದ ಒಂದು ಎಂದು ಲೆಕ್ಕ ಮಾಡಿದರು. ಏಕೆ ಕೇಳುತ್ತಿದ್ದೇನೆಂದು ನಾನು ಹೇಳಲಿಲ್ಲ. “ನೀವು ಅವತ್ತ ಹಾಕಿದ್ರೂ ಅದು ಮುಟ್ಟತಿರಲಿಲ್ಲ, ಮನಸಿಗೆ ಹಚ್ಕೋಬ್ಯಾಡ್ರಿ,” ಎಂದರು. ಅದು ನನಗೂ ತಿಳಿಯುತ್ತದೆ. ಒಂದು ದಿನ ತಡವಾಗಿದ್ದು ನನ್ನನ್ನು ಕಾಡುತ್ತಿಲ್ಲ. ಅವನು ಅರೆಮನಸ್ಸಿನಿಂದ ಕೊಟ್ಟ ಕಾಗದವನ್ನು ನಾನು ತೆಗೆದುಕೊಂಡು ಟ್ರಂಕಿಗೆ ಬೀಗ ಹಾಕಿದೆನಲ್ಲ, ಅದು ಕಾಡುತ್ತದೆ.

ಮರುವರ್ಷ ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ಆ ಕಂಡಕ್ಟರ್ ಸಿಕ್ಕ. ಚಹಾದಂಗಡಿಯಲ್ಲಿ ನನ್ನನ್ನು ಅವನೇ ಗುರುತು ಹಿಡಿದ.

“ಅವತ್ತ ನಿಮ್ಮ ಸಲುವಾಗಿ ನನ್ನ ಜೀವಾ ಬಾಯಿಗೆ ಬಂದಿತ್ರಿ,” ಎಂದು ನಕ್ಕ. “ಎಲ್ಲಿ ಇಳದು ಹೋಗಿದ್ರು ಅವರು? ನಿಮ್ಮ ತಮ್ಮಾರು ಆರಾಮ ಅದಾರಿಲ್ಲರಿ?”

ಶಿವಾನಂದನ ಒಂದು ಫೋಟೊ ನನ್ನ ಜೇಬಿನಲ್ಲಿತ್ತು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ತಂದದ್ದು. ತೆಗೆದು ಅವನ ಮುಂದೆ ಹಿಡಿದಿದ್ದರೆ ಅಲ್ಲಿಗೆ ಎಲ್ಲ ಇತ್ಯರ್ಥವಾಗುತ್ತಿತ್ತು. ಜೇಬಿಗೆ ಕೈ ಹಾಕಿದ್ದೆ ಕೂಡ.

“ಆರಾಮ ಅದಾನ್ರಿ,” ಎಂದೆ.

ಇವರಲ್ಲ ಎಂದು ಅವನು ಅಂದಿದ್ದರೆ ನನ್ನ ತಮ್ಮ ಬಂದೇ ಇರಲಿಲ್ಲ. ಇವರೇ ಎಂದಿದ್ದರೆ, ಅಷ್ಟು ದೂರದಿಂದ ಬಂದು ನನ್ನ ಭುಜಕ್ಕೆ ಭುಜ ತಾಗಿಸಿ ಕೂತವನನ್ನು ಗುರುತಿಲ್ಲದ ಜನ ಕಂಡರು, ಮಾತಾಡಿಸಿದರು, ಎತ್ತಿ ಆಡಿಸಿದ ನಾನು ಮಾತ್ರ ಕಾಣಲಿಲ್ಲ ಎಂದಾಗುತ್ತಿತ್ತು. ಎರಡರಲ್ಲಿ ಯಾವುದನ್ನು ಕೇಳಲೂ ಅಂದು ನನಗೆ ಧೈರ್ಯವಿರಲಿಲ್ಲ. ಈಗಲೂ ಇಲ್ಲ.