ನಲವತ್ತೆಂಟು ಕೆಜಿ ಕೆಂಪರಾಜ

ನಾವು ಹುಡುಗರಾಗಿದ್ದಾಗ ಮಕ್ಕಳ ತೂಕವನ್ನು ಯಾರೂ ನೋಡುತ್ತಿರಲಿಲ್ಲ. ಬೆಲ್ಲ ತೂಗುತ್ತಿದ್ದರು, ಕಬ್ಬು ತೂಗುತ್ತಿದ್ದರು, ದನಕ್ಕೆ ಹಾಕುವ ಹಿಂಡಿಯನ್ನೂ ತೂಗುತ್ತಿದ್ದರು. ಮಕ್ಕಳನ್ನು ಮಾತ್ರ ಕಣ್ಣಲ್ಲೇ ಅಳೆದು, "ಸೊರಗವ್ನೆ" ಅಂತಲೋ "ಗುಂಡ್‌ಗವ್ನೆ" ಅಂತಲೋ ತೀರ್ಪು ಕೊಟ್ಟು ಮುಗಿಸುತ್ತಿದ್ದರು. ಎಪ್ಪತ್ತರ ದಶಕದ ಮಾತು ಇದು. ಮಂಡ್ಯದ ಹತ್ತಿರ, ಯಲಿಯೂರಿನ ಪಕ್ಕದ ಊರು ನಮ್ಮದು. ಮೈಸೂರಿನ ಕಡೆ ಹೋಗುವ ರೈಲಿನ ಕೂಗು ಕೇಳಿದರೆ ಸ್ಕೂಲಿಗೆ ಹೊತ್ತಾಯಿತು ಅಂತ ಲೆಕ್ಕ.

ಆ ವರ್ಷ ನಾನು ಏಳನೇ ಕ್ಲಾಸು, ಮಿಡ್ಲಿಸ್ಕೂಲಿನ ಕಬಡ್ಡಿ ಟೀಮಿಗೆ ಕ್ಯಾಪ್ಟನ್. ಆಟದಲ್ಲಿ ನಾನೇನು ಹುಲಿಯಲ್ಲ. ಬಾಯಿ ಜೋರಿತ್ತು. ಅದನ್ನು ನೋಡಿಯೇ ಡ್ರಿಲ್ ಮೇಷ್ಟ್ರು ನನ್ನನ್ನು ಕ್ಯಾಪ್ಟನ್ ಮಾಡಿದ್ದರು, ಆಮೇಲೆ ಅದೇ ಬಾಯಿಗಾಗಿ ಹಣೆ ಚಚ್ಚಿಕೊಂಡರು. ಹುಲಿ ಅಂದರೆ ನಮ್ಮ ಕೆಂಪರಾಜ. ಒಂದು ವರ್ಷ ಫೇಲಾಗಿ ನಮ್ಮ ಕ್ಲಾಸಿಗೆ ಬಂದಿದ್ದವನು. ಅವನು ಉಸಿರು ಹಿಡಿದು ಎದುರು ಪಾಳಯಕ್ಕೆ ನುಗ್ಗಿದರೆ ನಾಲ್ಕು ಜನ ಕಾಲಿಗೆ ಬಿದ್ದರೂ ಅವರನ್ನೆಲ್ಲ ಎಳೆದುಕೊಂಡೇ ಗೆರೆ ಮುಟ್ಟುತ್ತಿದ್ದ. ಸ್ಕೂಲಿನ ಹಿಂದಿನ ಬಯಲಿನಲ್ಲಿ ಗುದ್ದಲಿ ಹಿಡಿದು ಮಣ್ಣು ಸಡಿಲಿಸಿ, ಬೂದಿಯಲ್ಲಿ ಗೆರೆ ಎಳೆದು ದಿನಾ ಸಂಜೆ ಆಡುತ್ತಿದ್ದೆವು. ಪಕ್ಕದ ಆಲೆಮನೆಯಿಂದ ಕುದಿಯುವ ಕಬ್ಬಿನಹಾಲಿನ ವಾಸನೆ ಬರುತ್ತಿತ್ತು. ಆಟ ಮುಗಿದ ಮೇಲೆ ಮೊಣಕಾಲಿನ ತರಚುಗಾಯಕ್ಕೆ ಮಣ್ಣು ಸವರಿಕೊಂಡು ಅಲ್ಲಿಗೆ ಓಡುತ್ತಿದ್ದೆವು. ಕಬ್ಬಿನ ತುಂಡಿಗೆ ಬಿಸಿ ಪಾಕ ಸುತ್ತಿ ಕೊಡುತ್ತಿದ್ದರು. ನಾಲಿಗೆ ಸುಟ್ಟುಕೊಳ್ಳದೆ ಅದನ್ನು ತಿಂದವರು ನಮ್ಮಲ್ಲಿ ಯಾರೂ ಇಲ್ಲ.

ಜುಲೈನಲ್ಲಿ ಪಂದ್ಯಗಳು ಶುರುವಾಗಬೇಕಿತ್ತು, ಮೊದಲನೆಯದು ಮದ್ದೂರಿನಲ್ಲಿ. ಒಂದು ದಿನ ಮೇಷ್ಟ್ರು ಮುಖ ಗಂಟು ಹಾಕಿಕೊಂಡು ಬಂದರು. ಹೊಸ ರೂಲಂತೆ. ನಲವತ್ತೈದು ಕೆಜಿಗಿಂತ ಹೆಚ್ಚಿರುವ ಹುಡುಗ ಆಡುವ ಹಾಗಿಲ್ಲ. ಎಲ್ಲರೂ ಕೆಂಪನ ಕಡೆ ತಿರುಗಿದೆವು. ಅವನು ಹೊಟ್ಟೆಯನ್ನು ಒಳಗೆ ಎಳೆದುಕೊಂಡ.

ಟೀಮಿಗೆ ಎಂಟನೆಯವನಾಗಿ ರವಿ ಇದ್ದ, ಊರ ಮುಂದಿನ ಬೆಲ್ಲದ ಮಂಡಿ ಸಾವ್ಕಾರರ ಮಗ. ಒಳ್ಳೆಯ ಹುಡುಗ, ಜೇಬಿನ ತುಂಬ ಕಡ್ಲೆಪುರಿ ತಂದು ಹಂಚುತ್ತಿದ್ದ. ಆದರೆ ಎದುರು ಪಾಳಯಕ್ಕೆ ಹೋದರೆ ಎರಡು ಸಲ ಕಬಡ್ಡಿ ಅನ್ನುವಷ್ಟರಲ್ಲಿ ಅವನ ಉಸಿರು ಮುಗಿಯುತ್ತಿತ್ತು. ಅವರಪ್ಪ ಟೀಮಿಗೆ ಎಂಟು ನೀಲಿ ಬನಿಯನ್ ಕೊಡಿಸಿದ್ದರು. ಎಂಟನೇ ಬನಿಯನ್ ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಂಪ ಹೋದರೆ ಅವನ ಜಾಗಕ್ಕೆ ರವಿ ಬರುತ್ತಾನೆ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು.

ಕೆಂಪ ಹದಿನೈದು ದಿನ ಮುದ್ದೆ ಬಿಟ್ಟ. ಮಂಡ್ಯದ ಸೀಮೆಯ ಹುಡುಗ ಮುದ್ದೆ ಬಿಡುವುದೆಂದರೆ ಸನ್ಯಾಸ ತೆಗೆದುಕೊಂಡ ಹಾಗೆ. ಬೆಳಿಗ್ಗೆ ನಾಲೆ ಏರಿಯ ಮೇಲೆ ಓಡುತ್ತಿದ್ದ, ಮಧ್ಯಾಹ್ನ ನೀರುಮಜ್ಜಿಗೆ ಕುಡಿದು ಕೂರುತ್ತಿದ್ದ. ಅವನಿಗೆ ಅಪ್ಪ ಇರಲಿಲ್ಲ. ಅವನ ಅವ್ವ ನಿಂಗಮ್ಮ ಒಬ್ಬಳೇ ಗದ್ದೆ ನೋಡಿಕೊಂಡು, ಕಬ್ಬು ಬೆಳೆದು, ಬೆಲ್ಲ ಮಾಡಿಸಿ ಮಂಡಿಗೆ ಹಾಕುತ್ತಿದ್ದವಳು. ನಾನು ಹೋದಾಗಲೆಲ್ಲ ನನ್ನ ಮೇಲೆ ಹಾರಿ ಬೀಳುತ್ತಿದ್ದಳು.

"ಮುದ್ದೆ ಬುಡ್ಸಿ ಅದ್ಯಾವ ಸೀಮೆ ಆಟ ಆಡುಸ್ತೀಯ್ಲಾ? ಉಸ್ರು ಎಲ್ಲಿಂದ ಬತ್ತದೆ, ಗಾಳಿಯಿಂದ್ಲಾ?"

"ರೂಲು ಕಣಕ್ಕಾ, ನಾನೇನ್ ಮಾಡ್ಲಿ?"

"ಆ ರೂಲ್ ಮಾಡ್ದೋನ್ನ ನಮ್ಮನೆಗೆ ಕರ್ಕೊಂಬಾ. ಎಲ್ಡ್ ಮುದ್ದೆ ಇಕ್ಕಿ ಕೇಳ್ತೀನಿ."

ಪಂದ್ಯದ ಹಿಂದಿನ ದಿನ ಮೇಷ್ಟ್ರು ನಮ್ಮೆಲ್ಲರನ್ನೂ ಮಂಡಿಗೆ ಕರೆದುಕೊಂಡು ಹೋದರು. ಊರಿನಲ್ಲಿ ದೊಡ್ಡ ತಕ್ಕಡಿ ಇದ್ದದ್ದು ಅಲ್ಲೊಂದೇ. ತೊಲೆಯಿಂದ ಸರಪಳಿಯಲ್ಲಿ ಇಳಿಬಿಟ್ಟ ಎರಡು ಹಲಗೆ, ಒಂದರ ಮೇಲೆ ನಾವು, ಇನ್ನೊಂದರ ಮೇಲೆ ಕಬ್ಬಿಣದ ತೂಕದ ಕಲ್ಲುಗಳು. ಗುಮಾಸ್ತರು ನಗುನಗುತ್ತಲೇ ತೂಗಿದರು. ನಾನು ಮೂವತ್ತಾರು. ನಮ್ಮಲ್ಲಿ ತೀರ ಚಿಕ್ಕವನು ಸಿದ್ದ, ಅವನು ಮೂವತ್ತು. ಕೊನೆಗೆ ಕೆಂಪ ಹತ್ತಿ ಕೂತ. ಇಪ್ಪತ್ತು, ಇನ್ನೊಂದು ಇಪ್ಪತ್ತು, ಐದು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ನಾವು ಕೂಗಿದ ಕೂಗಿಗೆ ಮಂಡಿಯ ಇಲಿಗಳು ಊರು ಬಿಟ್ಟಿರಬೇಕು.

ಮಾರನೆಯ ದಿನ ಮದ್ದೂರಿನಲ್ಲಿ, ಆಟದ ಬಯಲಿನ ಅಂಚಿಗೆ ಒಂದು ಮೇಜು ಹಾಕಿ, ಪಕ್ಕದಲ್ಲಿ ಸರ್ಕಾರಿ ಆಸ್ಪತ್ರೆಯಿಂದ ತಂದ ತೂಕದ ಯಂತ್ರ ಇಟ್ಟಿದ್ದರು. ಕಾಂಪೌಂಡರು ತೂಕ ನೋಡಿ ನನ್ನ ಕೈಲಿದ್ದ ಟೀಮಿನ ಪಟ್ಟಿಯಲ್ಲಿ ಹೆಸರಿನ ಮುಂದೆ ಬರೆದು ರುಜು ಹಾಕುತ್ತಿದ್ದರು. ಕೆಂಪ ಮೊದಲು ಹತ್ತಿದ.

"ನಲವತ್ತೆಂಟು. ಇಳಿಯಪ್ಪ," ಅಂದರು.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಅಷ್ಟು ಊರಿನ ಹುಡುಗರ ಎದುರಿಗೆ ಕೆಂಪನ ಕಿವಿ ಹಿಡಿದರು. "ರಾತ್ರಿ ಕದ್ದು ಮುದ್ದೆ ನುಂಗಿದೆಯಲ್ಲೋ ಕಳ್ಳ! ಸ್ಕೂಲಿನ ಮಾನ ಕಳೆದೆ!"

"ದೇವ್ರಾಣೆ ತಿಂದಿಲ್ಲ ಸಾ. ನಮ್ಮವ್ವನ್ನ ಕೇಳಿ ಸಾ." ಎದುರು ಪಾಳಯದವರು ಎಳೆದಾಡಿದರೂ ಅಳದ ಕೆಂಪ ಅವತ್ತು ಅತ್ತ.

ಒಂದೇ ರಾತ್ರಿಯಲ್ಲಿ ಮೂರು ಕೆಜಿ ಮುದ್ದೆ ತಿನ್ನಲು ಅವನೇನು ಬಕಾಸುರನೇ? ಆಮೇಲೆ ನಾನು ಹತ್ತಿದೆ. ಮೂವತ್ತೆಂಟೂವರೆ. ಮೂವತ್ತಿದ್ದ ಸಿದ್ದ ಮೂವತ್ತೆರಡಾದ. ರವಿ ಕೂಡ ಎರಡು ಕೆಜಿ ಹೆಚ್ಚಿದ್ದ. ನಾವೆಲ್ಲ ರಾತ್ರೋರಾತ್ರಿ ದಪ್ಪಗಾಗಿದ್ದೆವು! ಮಳವಳ್ಳಿ ಕಡೆಯ ಹುಡುಗರು ತಮ್ಮೂರ ಆಸ್ಪತ್ರೆಯಲ್ಲಿ ತೂಗಿಸಿಕೊಂಡು ಬಂದಿದ್ದರು. ಅವರದು ಬರೆದುಕೊಂಡು ಬಂದಷ್ಟೇ ಬಂತು. ನನ್ನ ತಲೆಗೆ ಆಗ ಹೊಳೆಯಿತು. ಹೊಳೆದದ್ದನ್ನು ಒಳಗಿಟ್ಟುಕೊಳ್ಳುವ ಜಾತಿ ನನ್ನದಲ್ಲ.

"ಮಂಡಿ ಕಲ್ಲೇ ಸುಳ್ಳು ಸಾ! ಕಲ್ಲು ಜಾಸ್ತಿ ಭಾರ ಅವೆ, ಅದ್ಕೇ ನಾವು ಕಮ್ಮಿ ತೂಗಿದ್ದು. ನಮ್ಮ ಬೆಲ್ಲನೂ ಹಿಂಗೇ ಕಮ್ಮಿ ತೂಗ್ತಾವ್ರೆ!"

"ಬಾಯಿ ಮುಚ್ಚೋ. ಬನಿಯನ್ ಕೊಡಿಸಿದ ದೊಡ್ಡ ಮನುಷ್ಯರನ್ನ ಹೀಗೆ ಅಂತೀಯಾ? ರವೀನ ಹಾಕ್ಕೊಂಡು ಕಣಕ್ಕಿಳಿ."

"ಆಗಲ್ಲ ಸಾ. ಆರು ಜನವೇ ಆಡ್ತೀವಿ."

ಹೇಳಿ ಬನಿಯನ್ ಬಿಚ್ಚಿ ಮೇಷ್ಟ್ರ ಕಾಲ ಬಳಿ ಇಟ್ಟೆ. ಉಳಿದವರೂ ಬಿಚ್ಚಿದರು. ಬರಿಮೈಯಲ್ಲಿ ಆರು ಜನ ಆಡಿದೆವು, ಸರಿಯಾಗಿ ಸೋತೆವು. ಆ ಸೋಲಿಗೆ ನಾನು ಇವತ್ತಿಗೂ ತಲೆ ತಗ್ಗಿಸಿಲ್ಲ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ರವಿ ಗೆರೆಯ ಆಚೆ ನೀಲಿ ಬನಿಯನ್ ಹಾಕಿಕೊಂಡೇ ನಿಂತಿದ್ದ. "ನಂಗೂ ಗೊತ್ತಿರ್ಲಿಲ್ಲ ಕಣೋ" ಅಂದ. ನಾನು ಅವನ ಕಡೆ ತಿರುಗಿ ನೋಡಲಿಲ್ಲ. ಅವನು ಮತ್ತೆ ನಮ್ಮ ಜೊತೆ ಆಡಲು ಬರಲಿಲ್ಲ. ಅಪ್ಪನ ಕಲ್ಲಿಗೆ ಮಗನನ್ನು ಶಿಕ್ಷಿಸಿದ ಕ್ಯಾಪ್ಟನ್ ನಾನು. ಅದು ತಪ್ಪೇ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಸಿಟ್ಟಿನಿಂದ ಎದ್ದು ಮಂಡಿಗೆ ಹೊರಡುತ್ತಾರೆ ಅಂದುಕೊಂಡಿದ್ದೆ. ಅಪ್ಪ ಬೀಡಿ ಹಚ್ಚಿಕೊಂಡರು.

"ಅದು ಎಲ್ರುಗೂ ಗೊತ್ತಿರೋದೇ ಕಣ್ಲಾ. ಮಂಡಿ ಅಂದ್ಮೇಲೆ ಅಷ್ಟು ಓಯ್ತದೆ. ಬುಡು."

ಗೊತ್ತಿತ್ತಂತೆ! ಇಡೀ ಊರಿನ ಗಂಡಸರಿಗೆ ಗೊತ್ತಿತ್ತು. ಆ ಗುಟ್ಟನ್ನು ಕಾಪಾಡಿಕೊಳ್ಳಲು ಒಬ್ಬ ಹುಡುಗ ಕಳ್ಳ ಅನ್ನಿಸಿಕೊಂಡರೂ ಅವರಿಗೆ ಪರವಾಗಿರಲಿಲ್ಲ. ನನಗೆ ಸಾವ್ಕಾರರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನಮ್ಮಪ್ಪನ ಮೇಲೆ ಬಂತು.

ಸುಮ್ಮನಿರದಿದ್ದವಳು ನಿಂಗಮ್ಮ ಒಬ್ಬಳೇ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಯುವುದನ್ನೇ ಕಾದಿದ್ದು, ಗಾಡಿಯಲ್ಲಿ ಬೆಲ್ಲ, ಬೆಲ್ಲದ ಮೇಲೆ ಕೆಂಪ, ಹಿಂದೆ ನಾವು ಆರು ಜನ, ಹೀಗೆ ಮೆರವಣಿಗೆಯಲ್ಲಿ ಮಂಡಿಗೆ ಹೊರಟಳು. ಅಲ್ಲಿ ಹತ್ತಾರು ರೈತರು ಬೆಲ್ಲ ಇಟ್ಟುಕೊಂಡು ಕಾದು ಕೂತಿದ್ದರು. ನಮ್ಮಪ್ಪನೂ ಇದ್ದರು. ಗುಮಾಸ್ತರು ಕಲ್ಲಿಗೆ ಕೈ ಹಾಕಿದರು.

"ಕಲ್ಲು ಬ್ಯಾಡಿ. ನನ್ನ ಮಗನ್ನ ಕೂರ್ಸಿ," ಅಂದಳು ನಿಂಗಮ್ಮ. "ನಲವತ್ತೆಂಟು ಕೆಜಿ ಅವ್ನೆ. ಸರ್ಕಾರದೋರು ಬರ್ಕೊಟ್ಟವ್ರೆ. ಓದ್ಲಾ ಕ್ಯಾಪ್ಟಾ."

ನಾನು ಪಟ್ಟಿ ಬಿಚ್ಚಿ, ಊರಿಗೆಲ್ಲ ಕೇಳುವ ಹಾಗೆ ಓದಿದೆ. ಕೆಂಪರಾಜ, ನಲವತ್ತೆಂಟು.

ಕಲ್ಲು ಇಡುವ ಹಲಗೆಯ ಮೇಲೆ ಕೆಂಪ ಚಕ್ಕಂಬಕ್ಕಳ ಹಾಕಿ ಕೂತ. ಇನ್ನೊಂದು ಹಲಗೆಗೆ ಮುಳ್ಳು ನೆಟ್ಟಗಾಗುವವರೆಗೆ ಅವ್ವ ಅಚ್ಚುಬೆಲ್ಲ ಪೇರಿಸಿದಳು. ಆಮೇಲೆ ಮಗನನ್ನು ಇಳಿಸಿ, "ಈಗ ಇಕ್ಕಿ ನಿಮ್ ಕಲ್ಲ" ಅಂದಳು. ಇಪ್ಪತ್ತು, ಇಪ್ಪತ್ತು, ಐದು. ಮುಳ್ಳು ನೆಟ್ಟಗೆ ನಿಂತಿತು. ನಲವತ್ತೆಂಟು ಕೆಜಿ ಬೆಲ್ಲ ಮಂಡಿಯ ಕಲ್ಲಿಗೆ ನಲವತ್ತೈದೇ!

ಸಾವ್ಕಾರರು ಗಾದಿಯಿಂದ ಎದ್ದು ಬಂದರು. "ಹುಡುಗ ಈ ನಾಲ್ಕು ದಿನದಲ್ಲಿ ಇಳಿದಿರಬಹುದು ನಿಂಗಮ್ಮ. ಅವನ ತೂಕ ನಂಬೋಕಾಗುತ್ತಾ?"

"ಅಂಗಾರೆ ಉಳ್ದೋರ್ನೂ ಕೂರ್ಸಿ. ಆರ್ ಜನನೂ ಇಳ್ದೋದ್ರಾ ನೋಡಾಣ. ನನ್ ಮಗ ಕಳ್ಳ ಅನ್ನುಸ್ಕೊಂಡ್ನಲ್ಲಾ ಸಾವ್ಕಾರ್ರೇ, ಅವನ ತೂಕ ಇಳ್ಸೋದಲ್ಲ, ನಿಮ್ ಕಲ್ಲಿನ ತೂಕ ಇಳ್ಸಿ!"

ನಾನು ಸಾಲು ನಿಲ್ಲಿಸಿದೆ. ನನ್ನ ಕ್ಯಾಪ್ಟನ್‌ಗಿರಿಯಲ್ಲಿ ಅಷ್ಟು ಒಳ್ಳೆಯ ಟೀಮನ್ನು ನಾನು ಮತ್ತೆಂದೂ ಇಳಿಸಲಿಲ್ಲ. ಸಿದ್ದ ಕೂತ, ಪಟ್ಟಿಯಲ್ಲಿದ್ದ ಮೂವತ್ತೆರಡಕ್ಕೆ ಕಲ್ಲು ಮೂವತ್ತೇ ತೋರಿಸಿತು. ನಾನು ಕೂತೆ, ಮೂವತ್ತಾರು. ಮೂರನೆಯವನು ಹತ್ತುವ ಹೊತ್ತಿಗೆ ನಮ್ಮಪ್ಪ ತಮ್ಮ ಬೆಲ್ಲದ ಬುಟ್ಟಿಯನ್ನು ಎತ್ತಿ ವಾಪಸು ಗಾಡಿಗೆ ಇಟ್ಟರು. ಅವರನ್ನು ನೋಡಿ ಇನ್ನೊಬ್ಬರು ಇಟ್ಟರು, ಮತ್ತೊಬ್ಬರು ಇಟ್ಟರು. ಮುಂದಿನ ವಾರ ಮಂಡಿಗೆ ಹೊಸ ಕಲ್ಲು ಬಂದವು.

ಕೆಂಪ ಆ ವರ್ಷ ಒಂದೂ ಪಂದ್ಯ ಆಡಲಿಲ್ಲ. ಅವ್ವ ಅವನಿಗೆ ಎರಡು ಹೊತ್ತೂ ಮುದ್ದೆ ಇಕ್ಕಿದಳು, ಅವನು ತೂಕ ಇಳಿಸಲಿಲ್ಲ. ನಾವು ಬಂದ ಬಂದ ಪಂದ್ಯ ಸೋತೆವು. ಮೇಷ್ಟ್ರು ಅವನ ಕ್ಷಮೆ ಕೇಳಲಿಲ್ಲ, ಆದರೆ ಆಮೇಲೆ ಯಾರೂ ಅವನನ್ನು ಕಳ್ಳ ಅನ್ನಲಿಲ್ಲ.

ಈಗ ಆಲೆಮನೆಯ ಜಾಗದಲ್ಲಿ ಕಲ್ಯಾಣಮಂಟಪ ಎದ್ದಿದೆ. ಕಬಡ್ಡಿಯ ಬಯಲು ಸೈಟುಗಳಾಗಿದೆ. ಹೋದರೆ ಹೋಗಲಿ, ಮಣ್ಣು ಎಲ್ಲಾದರೂ ಸಿಕ್ಕೀತು. ಕಳೆದುಕೊಂಡದ್ದು ಬೇರೆ. ನಾನು ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನು. ಕಡಿಮೆ ಬಂದ ಸಾಮಾನನ್ನು ಸರಿಯಾಗಿದೆ ಅಂತ ಬರೆದ ಕಾಗದಗಳಿಗೆ ಕಣ್ಣು ಮುಚ್ಚಿ ರುಜು ಹಾಕಿದ್ದೇನೆ. "ಎಲ್ಲರಿಗೂ ಗೊತ್ತಿರೋದೇ, ಬಿಡಿ" ಅಂತ ನಮ್ಮಪ್ಪನ ಮಾತನ್ನೇ ಆಡಿದ್ದೇನೆ. ಅಪ್ಪನಾದರೂ ಕೊನೆಗೆ ತಮ್ಮ ಬುಟ್ಟಿಯನ್ನು ಎತ್ತಿದರು, ನಾನು ಎತ್ತಲಿಲ್ಲ. ಮದ್ದೂರಿನ ಬಯಲಿನಲ್ಲಿ ಬನಿಯನ್ ಬಿಚ್ಚಿದ ಆ ಹುಡುಗ ಇವತ್ತು ಟೀಮು ಆರಿಸಲು ನಿಂತರೆ ನನ್ನನ್ನು ತೆಗೆದುಕೊಳ್ಳುವುದಿಲ್ಲ. ಆರೇ ಜನರನ್ನು ಕಟ್ಟಿಕೊಂಡು ಆಡುತ್ತಾನೆ. ಆಡಲಿ, ಅದೇ ಸರಿ.