ಪಟದ ಕೆಳಗಿನ ಪೆನ್ಸಿಲ್ ಸಹಿ

ಮೈದಾ ಗಂಜಿ ಕುದಿಯುವ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಮೂಗಿಗೆ ಬಡಿದರೆ ಅಂಗೈ ಬೆವರುತ್ತದೆ. ಮೊನ್ನೆ ಚಿಂತಾಮಣಿಯಲ್ಲಿ ಬಸ್ಸಿಳಿದು ಮಾರ್ಕೆಟ್ಟಿನ ಕಡೆ ನಡೆಯುತ್ತಿದ್ದೆ. ಗೋಡೆಗೆ ಪೋಸ್ಟರ್ ಅಂಟಿಸುವವರು ರಸ್ತೆ ಬದಿಯಲ್ಲೇ ಡಬ್ಬದಲ್ಲಿ ಗಂಜಿ ಕಾಯಿಸುತ್ತಿದ್ದರು. ಹುಳ ಹಿಡಿಯದಿರಲಿ ಎಂದು ಮೈಲುತುತ್ತ ಬೇರೆ ಹಾಕಿದ್ದರು. ಅಷ್ಟೇ ಸಾಕಾಯಿತು. ಟೊಮೇಟೊ ಕೊಳ್ಳಲು ಹೋದವನು ಕೈಚೀಲ ಮಡಿಸಿಟ್ಟುಕೊಂಡು ಸಿಕ್ಕಿದ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ವಾಪಸ್ಸು ಬಂದುಬಿಟ್ಟೆ. ಖಾಲಿ ಚೀಲ ನೋಡಿ ನನ್ನ ಹೆಂಡತಿ ಸರೋಜ, "ನಿಮಗೆ ಅರಳು ಮರಳು ಶುರುವಾಯ್ತು ಕಣ್ರೀ" ಎಂದಳು.

ಅರಳು ಮರಳಲ್ಲ, ಹೆದರಿಕೆ. ಎರಡು ದಿನದಿಂದ ನನ್ನ ಮೊಬೈಲಿನಲ್ಲಿ ಒಂದು ಮೆಸೇಜು ಉತ್ತರವಿಲ್ಲದೆ ಕೂತಿತ್ತು. ಬರೆದವಳು ಉಷಾ, ಗೌರಿಬಿದನೂರಿನ ಗಂಗುಲಪ್ಪ ಮೇಷ್ಟ್ರ ಮಗಳು. "ಅಂಕಲ್, ಅಪ್ಪನ ಪ್ರಿಂಟುಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡ್ತಿದ್ದೀನಿ. ಮುಖಪುಟಕ್ಕೆ ಅವರ ಸಹಿ ಹಾಕೋಣ ಅಂತ. ಕೊನೆಗಾಲದಲ್ಲಿ ಹಾಕಿದ್ದರಲ್ಲಿ ನೆಟ್ಟಗೆ ಬಂದಿರೋದು ನಿಮ್ಮನೇಲಿರೋದು ಒಂದೇ ಅಂತ ಅಪ್ಪ ಯಾವಾಗ್ಲೂ ಹೇಳೋರು. ಫೋಟೊ ತೆಗೆದು ಕಳಿಸ್ತೀರಾ?"

ಆ ಸಹಿ ಅವಳ ಅಪ್ಪನದಲ್ಲ. ಅದನ್ನು ಹಾಕಿದವನು ನಾನು. ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಸರೋಜಳಿಗೂ. ನಿಮಗೆ ಹೇಳುತ್ತಿದ್ದೇನೆ, ಸ್ವಲ್ಪ ಕೂತುಕೊಳ್ಳಿ. ನೇರವಾಗಿ ವಿಷಯಕ್ಕೆ ಬರುವ ಧೈರ್ಯ ನನಗೆ ಯಾವತ್ತೂ ಇದ್ದಿಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಸ್ಥಾನಮಾನ ಏನೆಂದು ನಿಮಗೆ ಗೊತ್ತಿರಬಹುದು. ಗಣಿತದವರು ರಜೆ ಹಾಕಿದರೆ ಆ ಪೀರಿಯಡ್ಡು ನನಗೆ, ನಾನು ರಜೆ ಹಾಕಿದರೆ ನನ್ನ ಪೀರಿಯಡ್ಡು ಆಟಕ್ಕೆ. ಸೇಬು, ಹೂದಾನಿ, ಸೂರ್ಯೋದಯ ಬರೆಸಿ ಬರೆಸಿ ನನಗೇ ಸೂರ್ಯನನ್ನು ಕಂಡರೆ ಬೇಸರ ಬರುವಂತಾಗಿದ್ದ ಕಾಲದಲ್ಲಿ, ಬೇಸಿಗೆ ರಜೆಯ ಒಂದು ತರಬೇತಿಯಲ್ಲಿ ಗಂಗುಲಪ್ಪ ಮೇಷ್ಟ್ರ ಲಿಥೋಗ್ರಾಫ್ ನೋಡಿದೆ. ಬೆಟ್ಟದ ಪಕ್ಕೆಯಲ್ಲಿ ಒಂದು ಬಾಗಿಲು, ಬಾಗಿಲಿನಿಂದ ಹೊರಬಂದ ಮೆಟ್ಟಿಲು ಗಾಳಿಯಲ್ಲಿ ಅರ್ಧಕ್ಕೇ ನಿಂತಿದೆ. ಅದಕ್ಕೆ ಅರ್ಥ ಹೇಳಿ ಅಂದರೆ ನನ್ನಿಂದಾಗುವುದಿಲ್ಲ. ಆದರೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಹುಚ್ಚು ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗುವಷ್ಟರಲ್ಲಿ ಅವರ, ಅವರ ಶಿಷ್ಯರ, ಇನ್ಯಾರ್ಯಾರದೋ ಹತ್ತೊಂಬತ್ತು ಪ್ರಿಂಟು ಕೂಡಿಹಾಕಿದ್ದೆ.

ಅವನ್ನು ಇಡಲು ಜಾಗವೆಲ್ಲಿ? ಸರೋಜಳ ರೇಷ್ಮೆ ಸೀರೆಯ ಟ್ರಂಕು ಒಂದೇ ಕಾಗದ ಮಡಿಸದೆ ಇಡುವಷ್ಟು ಉದ್ದಕ್ಕಿತ್ತು. ಸೀರೆಗಳು ಬೀರುವಿಗೆ ಹೋದವು, ನನ್ನ ಕಾಗದಗಳು ಬೇವಿನೆಲೆಯ ಜೊತೆ ಟ್ರಂಕಿನಲ್ಲಿ ಮಲಗಿದವು. ಅವಳು ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಗೋಡೆಗೆ ಒಂದನ್ನು ನೇತುಹಾಕಿದಾಗ, "ಹಾಲ್‌ನಲ್ಲಿ ಬೇಡ ಕಣ್ರೀ, ಬಂದೋರು ಗೋಡೆಗೆ ಬೂಷ್ಟು ಹಿಡಿದಿದೆ ಅಂದ್ಕೊಂತಾರೆ" ಎಂದಿದ್ದಳು. ಪಕ್ಕದ ಮನೆಯ, ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಸುಬಿನವರು ಮಾತ್ರ ಒಂದು ಗೆರೆಗೆರೆಯ ಚಿತ್ರದ ಮುಂದೆ ತುಂಬ ಹೊತ್ತು ನಿಂತು, "ಗೂಡಿನ ಎಳೆ ಸಿಕ್ಕಾಗೋದು ಹಿಂಗೇನೇ ಸಾರ್, ಬರೆದೋರಿಗೆ ಕೆಲಸ ಗೊತ್ತು" ಎಂದು ಸರ್ಟಿಫಿಕೇಟು ಕೊಟ್ಟರು. ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಚೆನ್ನಾಗಿರಲಿಲ್ಲ.

ಲಿಥೋಗ್ರಾಫ್ ಅಂದರೆ ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾರೆ. ಕಲ್ಲನ್ನು ನೀರಲ್ಲಿ ಒದ್ದೆ ಮಾಡಿ ಮಸಿ ಉರುಳಿಸಿದರೆ ಮಸಿ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ, ಅದನ್ನು ಕಾಗದಕ್ಕೆ ಒತ್ತುತ್ತಾರೆ. ಹದಿನೈದೋ ಇಪ್ಪತ್ತೋ ಪ್ರತಿ ತೆಗೆದ ಮೇಲೆ ಮರಳು ಹಾಕಿ ಇನ್ನೊಂದು ಕಲ್ಲಿನಿಂದ ತಿಕ್ಕಿ ಚಿತ್ರವನ್ನೇ ಅಳಿಸಿಬಿಡುತ್ತಾರೆ. ಮತ್ತೆ ಬೇಕೆಂದರೂ ಬರುವುದಿಲ್ಲ. ಆದ್ದರಿಂದಲೇ ಪ್ರತಿಯೊಂದರ ಕೆಳಗಿನ ಬಿಳಿ ಅಂಚಿನಲ್ಲಿ ಕಲಾವಿದರು ಪೆನ್ಸಿಲಿನಲ್ಲಿ ಎಷ್ಟರಲ್ಲಿ ಎಷ್ಟನೆಯದು ಎಂದು ಬರೆದು ಸಹಿ ಹಾಕುತ್ತಾರೆ. ಇದು ನನ್ನ ಕೈಯಿಂದ ಬಂದದ್ದು, ನಾನು ಇದನ್ನು ನೋಡಿ ಒಪ್ಪಿದ್ದೇನೆ, ಎಂದು ಹೇಳುವುದಕ್ಕೆ ಅವರಿಗಿರುವುದು ಆ ಬೆರಳಗಲದ ಜಾಗ ಮಾತ್ರ.

ಗಂಗುಲಪ್ಪ ಮೇಷ್ಟ್ರು ಎಲ್ಲೆಲ್ಲೋ ಪಾಠ ಹೇಳಿ, ನಿವೃತ್ತರಾಗಿ ಗೌರಿಬಿದನೂರಿನ ತಮ್ಮ ಮನೆಗೆ ಬಂದಾಗ ಅವರ ಬಲಗೈ ನಡುಗಲು ಶುರುವಾಗಿತ್ತು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಒಂದು ಭಾನುವಾರ ನಾನು ಹೋಗಿದ್ದಾಗ, ಆ ಬೆಟ್ಟದ ಬಾಗಿಲಿನ ಚಿತ್ರವನ್ನೇ ಎದುರಿಗಿಟ್ಟರು. ಅದರ ಕಲ್ಲು ತಿಕ್ಕಿ ವರ್ಷಗಳಾಗಿತ್ತು. ಹದಿನೈದರಲ್ಲಿ ಹದಿನಾಲ್ಕು ಯಾರ್ಯಾರಿಗೋ ಹೋಗಿ, ಏಳನೆಯದೊಂದು ಸಹಿಯಿಲ್ಲದೆ ಉಳಿದಿತ್ತು.

"ತಗೊಳ್ಳಯ್ಯ, ನಿನಗೇ" ಎಂದರು. ಪೆನ್ಸಿಲ್ ಹಿಡಿದು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಮೇಜಿಗೆ ಒತ್ತಿಕೊಂಡು ಸಹಿ ಹಾಕತೊಡಗಿದರು. ಅಷ್ಟು ಚಿಕ್ಕ ಹೆಸರಿಗೆ ಅಷ್ಟು ಹೊತ್ತು ಹಿಡಿಯಿತು. ಗೆರೆ ಅಲ್ಲಲ್ಲಿ ಅದುರಿ ಹಾರಿತ್ತು. ಮೇಷ್ಟ್ರು ಕನ್ನಡಕ ತೆಗೆದರು, ಹಾಕಿಕೊಂಡರು, ಆದರೆ ಕಾಗದದ ಕಡೆ ಮತ್ತೆ ನೋಡಲಿಲ್ಲ. "ಫ್ರೇಮ್ ಹಾಕ್ಸು. ಮುಂದಿನ ತಿಂಗಳು ಬಂದು ಯಾವ ಗೋಡೇಲಿ ಹಾಕಿದ್ದೀಯ ನೋಡ್ತೀನಿ" ಎಂದರು.

ಇನ್ನು ಅಮೀರ್‌ಜಾನ್ ಸಾಬರ ವಿಷಯ. ಚಿಂತಾಮಣಿಯಲ್ಲಿ ಅವರ ಫ್ರೇಮ್ ಅಂಗಡಿ. ಮೂಲೆ ಕೂಡಿಸುವುದರಲ್ಲಿ ಅವರನ್ನು ಬಿಟ್ಟರಿಲ್ಲ, ಕೂದಲು ತೂರಿಸಲೂ ಸಂದಿ ಇರುತ್ತಿರಲಿಲ್ಲ. ನಮ್ಮ ಕಡೆ ಒಂದು ಪದ್ಧತಿಯಿದೆ, ನಿಮ್ಮ ಮನೆಯಲ್ಲೂ ಇದ್ದೀತು. ವರ್ಷ ಮುಗಿದ ಮೇಲೆ ಕ್ಯಾಲೆಂಡರಿನ ಲಕ್ಷ್ಮಿಯನ್ನೋ ವೆಂಕಟೇಶ್ವರನನ್ನೋ ಎಸೆಯುವುದುಂಟೇ? ಫ್ರೇಮ್ ಹಾಕಿಸುತ್ತೇವೆ. ಹಾಗೆ ಹಾಕುವ ಮೊದಲು ಕೆಳಗಿರುವ ತಾರೀಖು, ಗೊಬ್ಬರದಂಗಡಿಯ ಹೆಸರು, ಫೋನ್ ನಂಬರು ಎಲ್ಲ ಕತ್ತರಿಸಿ ತೆಗೆಯುತ್ತಾರೆ. ಅಮೀರ್‌ಜಾನ್ ಸಾಬರು ಈ ಕೆಲಸವನ್ನು ವ್ರತದ ಹಾಗೆ ಮಾಡುತ್ತಿದ್ದರು. ದೇವರ ಪಾದದ ಕೆಳಗೆ ಒಂದಕ್ಷರ ಉಳಿಯಬಾರದು.

ಅವತ್ತು ನನಗೆ ಶಾಲೆಗೆ ಹೊತ್ತಾಗುತ್ತಿತ್ತು, ಇನ್ಸ್‌ಪೆಕ್ಷನ್ ಬೇರೆ. ಸಹಿ, ಅಂಚು, ಕಲ್ಲಚ್ಚು ಎಂದೆಲ್ಲ ವಿವರಿಸುವ ತಾಳ್ಮೆಯಿರಲಿಲ್ಲ. ಸ್ವಲ್ಪ ನಾಚಿಕೆಯೂ ಇತ್ತು ಅನ್ನಿ, ಇಂಥ ಚಿತ್ರಕ್ಕೆ ಇಷ್ಟು ಆಡುತ್ತಾನಲ್ಲ ಅಂದುಕೊಂಡಾರು ಎಂದು. ಹಾಗಾಗಿ ಬುದ್ಧಿವಂತನ ಹಾಗೆ ಒಂದೇ ಮಾತು ಹೇಳಿದೆ. "ಸಾಬರೇ, ನೀವು ದೇವರ ಪಟಕ್ಕೆ ಹೆಂಗೆ ಮಾಡ್ತೀರೋ ಹಂಗೇ ಮಾಡ್ಬೇಕು ಇದಕ್ಕೂ."

ಅವರು ಹಾಗೇ ಮಾಡಿದರು.

ವಾರದ ಮೇಲೆ ಹೋದಾಗ ಪಟ ಸಿದ್ಧವಾಗಿತ್ತು. ನೋಡಿದ ತಕ್ಷಣ ಏನು ತಪ್ಪಿದೆ ಎಂದು ತಿಳಿಯಲಿಲ್ಲ, ಏನೋ ಇಲ್ಲ ಎಂದಷ್ಟೇ ಅನ್ನಿಸಿತು. ಆಮೇಲೆ ಕಣ್ಣು ಕೆಳಗಿನ ಅಂಚಿಗೆ ಹೋಯಿತು, ಸಹಿ ಇರಲಿಲ್ಲ. ಅಮೀರ್‌ಜಾನ್ ಸಾಬರು ಬಟ್ಟೆಯಿಂದ ಗಾಜು ಒರೆಸುತ್ತಾ ಖುಷಿಯಾಗಿ ಹೇಳುತ್ತಿದ್ದರು. "ಕೆಳಗೆ ಯಾರೋ ಪೆನ್ಸಿಲ್‌ನಾಗೆ ಏನೋ ಗೀಚಿ, ಏಳು ಬಾರ್ ಹದಿನೈದು ಅಂತ ಅಳತೆ ಬರ್ದಿದ್ರು ಸಾರ್. ನೀಟಾಗಿ ತೆಗೆದುಬಿಟ್ಟೆ. ಮೂರು ಕಡೆ ಅಂಚು ಎಷ್ಟಿತ್ತೋ ಕೆಳಗೂ ಅಷ್ಟೇ ಬಿಟ್ಟಿದ್ದೀನಿ, ನೋಡಿ."

"ಕತ್ತರಿಸಿದ ಚೂರು ಎಲ್ಲಿ?" ಎಂದೆ. ಅವರು ಮೂಲೆಯ ಗೋಣಿಚೀಲ ತೋರಿಸಿದರು. ಅಲ್ಲೇ ನೆಲದ ಮೇಲೆ ಕೂತು ಸುರಿದುಕೊಂಡೆ. ಎಷ್ಟೊಂದು ಹೆಸರುಗಳು! ಬೀಜದಂಗಡಿ, ಬಟ್ಟೆಯಂಗಡಿ, ಬಿಲ್ಡರ್ಸ್, ಬೇಕರಿ, ತಾಲ್ಲೂಕಿನ ವ್ಯಾಪಾರವೆಲ್ಲ ಆ ಚೀಲದಲ್ಲಿತ್ತು, ಮೇಷ್ಟ್ರ ಹೆಸರೊಂದು ಬಿಟ್ಟು. ಪಕ್ಕದಲ್ಲಿ ಒಲೆಯ ಮೇಲೆ, ಪಟದ ಬೆನ್ನಿಗೆ ಕಾಗದ ಅಂಟಿಸುವ ಮೈದಾ ಗಂಜಿ ಕುದಿಯುತ್ತಿತ್ತು. ಒಲೆ ಹೊತ್ತಿಸಲು ಅವರು ದಿನಾ ಎರಡು ಹಿಡಿ ಚೂರು ಬಳಸುತ್ತಾರೆ ಎನ್ನುವುದು ಆಗ ಹೊಳೆಯಿತು. "ಏನಾಯ್ತು ಸಾರ್? ನನ್ನಿಂದ ತಪ್ಪಾಯ್ತಾ?" ಎಂದು ಆ ಮನುಷ್ಯ ಗಾಬರಿಯಾಗಿ ಕೇಳಿದರು. ಇಲ್ಲ ಎಂದೆ. ಅವರ ತಪ್ಪಾದರೂ ಏನಿತ್ತು? ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು.

ಆಗಲೇ ಗೌರಿಬಿದನೂರಿಗೆ ಹೋಗಿ ಕಾಲಿಗೆ ಬಿದ್ದಿದ್ದರೆ ಇವತ್ತು ಈ ಕಥೆ ಹೇಳುತ್ತಿರಲಿಲ್ಲ. ಹೋಗಲಿಲ್ಲ. ಮೇಜಿಗೆ ಒತ್ತಿ ಹಿಡಿದ ಆ ಮಣಿಕಟ್ಟು ಕಣ್ಣಮುಂದೆ ಬರುತ್ತಿತ್ತು. ಇನ್ನೊಂದು ಸಲ ಹಾಕಿಕೊಡಿ ಎಂದು ಯಾವ ಬಾಯಲ್ಲಿ ಕೇಳಲಿ? ಗೇಟು ಸದ್ದಾದರೆ ಮೇಷ್ಟ್ರೇ ಬಂದರು ಎಂದು ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಹೂದಾನಿ ಬರೆಯಲು ಹೋಗಿ ಮಧ್ಯೆ ನಿಂತುಬಿಡುತ್ತಿದ್ದೆ. ಎರಡು ವಾರ ಹೀಗೆ ಕಳೆದ ಮೇಲೆ, ಒಂದು ಮಧ್ಯಾಹ್ನ ಸರೋಜ ತವರೂರು ಸಾದಲಿಗೆ ಹೋಗಿದ್ದಾಗ, ಫ್ರೇಮಿನ ಹಿಂದಿನ ಮೊಳೆ ಕಿತ್ತೆ. ಟ್ರಂಕಿನಿಂದ ಮೇಷ್ಟ್ರ ಹಳೆಯ ಪ್ರಿಂಟುಗಳನ್ನು ತೆಗೆದು ಎದುರಿಗೆ ಹರಡಿಕೊಂಡು, ಅವುಗಳ ಸಹಿ ನೋಡಿ ರದ್ದಿ ಕಾಗದದ ಮೇಲೆ ನೂರು ಸಲ ಬರೆದೆ. ಕೊನೆಗೆ ಉಸಿರು ಬಿಗಿಹಿಡಿದು ಉಳಿದಿದ್ದ ಅರ್ಧ ಬೆರಳಗಲದ ಅಂಚಿನಲ್ಲಿ ನಂಬರು ಬರೆದು ಸಹಿ ಹಾಕಿದೆ. ಅದ್ಭುತವಾಗಿ ಬಂತು. ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯುತ್ತಮ ಗೆರೆ ಅದೇ ಎಂದು ಹೇಳಲು ನಾಚಿಕೆಯಾಗುತ್ತದೆ.

ಫ್ರೇಮ್ ಮತ್ತೆ ಮುಚ್ಚಿದ ಮೇಲೆ ಬುದ್ಧಿ ಬಂತು. ನಾನು ನೋಡಿ ಬರೆದದ್ದು ಅವರ ಕೈ ನೆಟ್ಟಗಿದ್ದ ಕಾಲದ ಸಹಿ. ಈ ಚಿತ್ರಕ್ಕೆ ಅವರು ಹಾಕಿದ್ದು ನಡುಗುವ ಕೈಯಲ್ಲಿ. ಅದನ್ನು ಅಳಿಸಿ ನಡುಕವನ್ನೂ ನಕಲು ಮಾಡೋಣ ಎಂದು ಒಂದು ಕ್ಷಣ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕೈ ಏಳಲಿಲ್ಲ.

ಮೇಷ್ಟ್ರು ಹೇಳಿದಂತೆಯೇ ಬಂದರು, ಉಷಾಳ ತೋಳು ಹಿಡಿದುಕೊಂಡು. ನೇರ ಪಟದ ಮುಂದೆ ಹೋಗಿ ನಿಂತರು. ದಪ್ಪ ಕನ್ನಡಕವನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು ಬೆಟ್ಟ ನೋಡಿದರು, ಮೆಟ್ಟಿಲು ನೋಡಿದರು, ಆಮೇಲೆ ಕೆಳಗಿನ ಮೂಲೆಗೆ ಬಂದರು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಬೈಯಲಿ, ಹೊಡೆಯಲಿ, ಬೇಗ ಮುಗಿದರೆ ಸಾಕಾಗಿತ್ತು.

"ಉಷಾ, ಇಲ್ಲಿ ನೋಡಮ್ಮ" ಎಂದರು ಮೇಷ್ಟ್ರು. ಮುಖ ಅರಳಿತ್ತು. "ಅವತ್ತು ಕೈ ಪೂರ್ತಿ ಹೋಯ್ತು ಅಂತ ತಿಳ್ಕೊಂಡಿದ್ದೆ ಕಣೇ. ನೋಡು, ಎಷ್ಟು ನೆಟ್ಟಗೆ ಬಂದೈತೆ. ಇನ್ನೂ ಹೋಗಿಲ್ಲ. ಹೋಗಿಲ್ಲ ಕಣೇ."

ಆಗ ನಾನು ಹೇಗೆ ಬಾಯಿಬಿಡಲಿ, ನೀವೇ ಹೇಳಿ. ಸರೋಜ ಅವರಿಗೆ ಹೋಳಿಗೆ ಬಡಿಸಿದಳು. ಎರಡು ತಿಂದರು. ಆಮೇಲೆ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಪಟ ಗೋಡೆಯ ಮೇಲೇ ಇತ್ತು. ಬಂದವರೆಲ್ಲ ಬೆಟ್ಟ ನೋಡುತ್ತಿದ್ದರು, ನಾನು ಮೂಲೆ ನೋಡುತ್ತಿದ್ದೆ. ಮುದುಕರಿಗೊಂದು ಸಂತೋಷ ಕೊಟ್ಟೆನಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನಾನು ಬದುಕಿದ್ದು ಆ ಸಮಾಧಾನದ ಮೇಲೆಯೇ.

ಚಿಂತಾಮಣಿಯಿಂದ ಖಾಲಿ ಚೀಲ ಹಿಡಿದು ಬಂದ ಆ ಸಂಜೆ ಉಷಾಗೆ ಫೋನ್ ಮಾಡಿದೆ. ಮುಖಪುಟದಲ್ಲಿ ಮೇಷ್ಟ್ರ ಹೆಸರಾಗಿ ನನ್ನ ಗೆರೆ ಅಚ್ಚಾಗುವುದನ್ನು ಸಹಿಸುವಷ್ಟು ಗಟ್ಟಿ ಚರ್ಮ ನನಗಿರಲಿಲ್ಲ. ದೇವರ ಪಟ ಎಂದು ಹೇಳಿದ್ದರಿಂದ ಹಿಡಿದು ಕಿಟಕಿಯ ಸರಳಿನವರೆಗೆ ಎಲ್ಲ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಸರೋಜ ಸೌಟು ಹಿಡಿದು ಕೇಳುತ್ತಾ ನಿಂತಿದ್ದಳು. ಲೈನು ಹೋಯಿತೇನೋ ಎಂದು ಎರಡು ಸಲ ಹಲೋ ಅಂದೆ.

"ಅಂಕಲ್," ಎಂದಳು ಕೊನೆಗೆ, "ನಿಮ್ಮನೆಯಿಂದ ಬಂದ ಮಾರನೇ ದಿನದಿಂದ ಅಪ್ಪ ದಿನಾ ಬೆಳಿಗ್ಗೆ ಸಹಿ ಪ್ರಾಕ್ಟೀಸ್ ಮಾಡೋರು. ಅಲ್ಲಿ ಬಂತಲ್ಲ, ಇಲ್ಯಾಕೆ ಬರ್ತಿಲ್ಲ ಅಂತ ತಮ್ಮನ್ನ ತಾವೇ ಬೈಕೊಳ್ಳೋರು. ಎರಡು ವರ್ಷ. ಮೂರು ನೋಟ್‌ಬುಕ್ ತುಂಬ್ಸಿದ್ದಾರೆ. ಕೊನೇ ವಾರದಲ್ಲೂ ಬರೆದಿದ್ದಾರೆ."

ನಾನು ಕೊಟ್ಟೆ ಅಂದುಕೊಂಡಿದ್ದ ಸಂತೋಷ ಇದು. ಕ್ಷಮಿಸಮ್ಮ ಎನ್ನಲು ಹೋದೆ, ಅಳು ಬಂದುಬಿಟ್ಟಿತು. ಅವಳು ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. ಇಡುತ್ತೀನಿ ಅಂಕಲ್ ಎಂದು ಫೋನ್ ಇಟ್ಟಳು.

ಸರೋಜಳೇ ಪಟ ಇಳಿಸಿಕೊಟ್ಟಳು. ಮೊಳೆ ಕಿತ್ತು, ಮೆತ್ತನೆಯ ರಬ್ಬರಿನಲ್ಲಿ ಆ ಸಹಿಯನ್ನು ಸ್ವಲ್ಪಸ್ವಲ್ಪವಾಗಿ ಅಳಿಸಿದೆ. ಅವಳು ರಬ್ಬರಿನ ಪುಡಿಯನ್ನು ಸೆರಗಿನಿಂದ ಒರೆಸಿದಳು.

ಮರುದಿನ ಬೆಳಿಗ್ಗೆ ಉಷಾ ನೋಟ್‌ಬುಕ್ಕಿನ ಹಾಳೆಗಳ ಫೋಟೊ ಕಳಿಸಿದ್ದಳು. ಹಾಳೆ ತುಂಬ ಸಹಿ, ಒಂದರ ಕೆಳಗೊಂದು, ಒಂದೊಂದೂ ಗೆರೆ ಬಿಟ್ಟು ಹಾರಿ, ಮತ್ತೆ ಬಂದು ಸೇರಿ, ಎಲ್ಲೂ ನಿಲ್ಲಿಸದೆ ಹೆಸರು ಮುಗಿಸಿದ್ದವು. ಕೆಳಗೆ ಬರೆದಿದ್ದಳು: "ಇದರಲ್ಲಿ ಒಂದು ಮುಖಪುಟಕ್ಕೆ ಹಾಕ್ತೀನಿ. ಅಪ್ಪನ ಕೈ ನಿಮಗೆ ಚೆನ್ನಾಗಿ ಗೊತ್ತಲ್ಲ. ಯಾವುದು ಹಾಕಲಿ, ನೀವೇ ಹೇಳಿ."

ಮಧ್ಯಾಹ್ನದವರೆಗೂ ನೋಡಿದೆ. ಆಮೇಲೆ, ಎಲ್ಲಕ್ಕಿಂತ ಹೆಚ್ಚು ನಡುಗಿರುವುದನ್ನು ಹಾಕಮ್ಮ ಎಂದು ಬರೆದೆ.